ಅರಮನೆಯ ಹಿರಿಯ ಅಳಿಯ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಪಡುವಣಕ್ಕೆ, ಮಾನಸಗಂಗೋತ್ರಿಯ ಹಸಿರಿನ ನಡುವೆ ತಲೆಯೆತ್ತಿ ನಿಂತಿರುವ ಭವನವೊಂದಿದೆ. ಅದರ ಬಾಗಿಲುಗಳನ್ನು ಎಣಿಸಲು ಹೊರಟ ಮಕ್ಕಳು ಅರ್ಧಕ್ಕೇ ಲೆಕ್ಕ ತಪ್ಪಿ ನಗುತ್ತಾರೆ. ಬಾಗಿಲುಗಳು 287, ಕೋಣೆಗಳು 125, ಕಿಟಕಿಗಳು ಸುಮಾರು 300 ಎಂದು ಬಲ್ಲವರು ಹೇಳುತ್ತಾರೆ. ಹೊರಗೆ ಗ್ರೀಕ್ ಮತ್ತು ರೋಮನ್ ಶೈಲಿಯ ಜೋಡಿ ಕಂಬಗಳು, ಅವುಗಳ ಮೇಲೆ ತ್ರಿಕೋನಾಕಾರದ ಮುಖಪಟ್ಟಿಗಳು, ಮೊಟ್ಟೆಯಾಕಾರದ ಗವಾಕ್ಷಿಗಳು. ಒಳಗೆ ಕಾಲಿಟ್ಟರೆ ಪಶ್ಚಿಮದ ಆ ಗಾಂಭೀರ್ಯ ಕರಗಿ ಅಪ್ಪಟ ದೇಶೀಯ ವೈಭವ ಎದುರಾಗುತ್ತದೆ. ಕುಸುರಿ ಕೆತ್ತನೆಯ ಮರದ ಕಂಬಗಳ ಸಾಲು, ಅವುಗಳ ನಡುವೆ ಕಲ್ಯಾಣ ಮಂಟಪ, ನೆತ್ತಿಯ ಮೇಲೆ ಎಂಟು ದಳಗಳ ಕಮಲದಂತೆ ಅರಳಿರುವ ಬಣ್ಣದ ಗಾಜಿನ ಗುಮ್ಮಟ. ಬಿಸಿಲೇರಿದ ಹೊತ್ತಿನಲ್ಲಿ ಆ ಗಾಜಿನಿಂದ ಸೋಸಿ ಬರುವ ಬೆಳಕು ನೆಲದ ಮೇಲೆ ತಾನೇ ರಂಗವಲ್ಲಿ ಬರೆಯುತ್ತದೆ. ಇದೇ ಜಯಲಕ್ಷ್ಮೀ ವಿಲಾಸ.

ಮೈಸೂರಿಗೆ ಪ್ರವಾಸ ಹೋಗುವ ಬೆಂಗಳೂರಿನ ಕುಟುಂಬಗಳು ಅಂಬಾವಿಲಾಸ ಅರಮನೆ, ಚಾಮುಂಡಿ ಬೆಟ್ಟ ಮತ್ತು ಮೃಗಾಲಯವನ್ನು ಒಂದೇ ದಿನದಲ್ಲಿ ಮುಗಿಸಿ, ಸಂಜೆಗೆ ಬೃಂದಾವನದ ಕಾರಂಜಿಯ ಮುಂದೆ ನಿಂತು ಹಿಂದಿರುಗುವುದು ವಾಡಿಕೆ. ಕುಕ್ಕರಹಳ್ಳಿಯತ್ತ ತಿರುಗುವವರು ವಿರಳ. ತಿರುಗಿದವರೂ ಕಟ್ಟಡದ ಸೊಬಗಿಗೆ ಮಾರುಹೋಗುತ್ತಾರೆಯೇ ಹೊರತು ಇಲ್ಲಿ ಬಾಳಿದವರ ಹೆಸರನ್ನು ಕೇಳುವುದು ಕಡಿಮೆ. ಈ ಭವನ ರೂಪುಗೊಂಡದ್ದು 1905ರಲ್ಲಿ, ಅಂದಿನ ಏಳು ಲಕ್ಷ ರೂಪಾಯಿ ವೆಚ್ಚದಲ್ಲಿ. ಕಟ್ಟಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಆಗ ಅವರಿಗೆ ಕೇವಲ 21 ವರ್ಷ. ಕಟ್ಟಿಸಿಕೊಟ್ಟದ್ದು ಹಿರಿಯಕ್ಕ ಜಯಲಕ್ಷಮ್ಮಣ್ಣಿಯವರಿಗೆ. ಆ ಅಕ್ಕನ ಕೈಹಿಡಿದವರು ಸರ್ದಾರ್ ಎಂ. ಕಾಂತರಾಜೇ ಅರಸು. ಸಿಂಹಾಸನ ಏರುವ ಹಕ್ಕಿರಲಿಲ್ಲ, ಹಾಗೆಂದು ಅರಮನೆಯ ಹೊರಗಿನವರೂ ಅಲ್ಲ. ರಾಜವಂಶದ ಚರಿತ್ರೆಗಳಲ್ಲಿ ಒಂದೆರಡು ಸಾಲಿಗೆ ಮೀಸಲಾಗುವ ಇಂಥ ಬದುಕೊಂದು ಮೈಸೂರಿನ ಎರಡು ಮಹಾಘಟನೆಗಳ ನಟ್ಟನಡುವೆ ನಿಂತಿತ್ತು.

ಅವುಗಳಲ್ಲಿ ಮೊದಲನೆಯದು ಅವರ ಮದುವೆಯೇ.

1897ರ ಫೆಬ್ರವರಿ. ಕೋಟೆಯೊಳಗಿನ ಹಳೆಯ ಅರಮನೆಯಲ್ಲಿ ಹಿರಿಯ ರಾಜಕುಮಾರಿಯ ವಿವಾಹ ಸಂಭ್ರಮ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ರಾಜಧಾನಿ ಮೈಸೂರಿಗೆ ಮರಳಿದಾಗ ತರಾತುರಿಯಲ್ಲಿ ಎದ್ದ ಅರಮನೆ ಅದು. ಹಿಂದೂ ಶೈಲಿಯ ದಾರುಶಿಲ್ಪಕ್ಕೆ ಹೆಸರಾಗಿತ್ತು. ಕಂಬ, ತೊಲೆ, ಬೋದಿಗೆ, ಜಗುಲಿ ಎಲ್ಲವೂ ಮರದವು. ತಿಂಗಳ ಕೊನೆಯಲ್ಲಿ, ಮದುವೆಯ ಸಡಗರ ಇನ್ನೂ ಆರದಿದ್ದಾಗಲೇ ಬೆಂಕಿ ಕಾಣಿಸಿಕೊಂಡಿತು. ನೂರು ವರ್ಷ ಒಣಗಿದ ಮರಕ್ಕೆ ಕಿಡಿ ತಾಗಿದರೆ ಉಳಿಯುವುದೇನಿದೆ? ಪೂರ್ವಜರ ಚಿನ್ನದ ಸಿಂಹಾಸನ ಪಾರಾಯಿತು, ಅರಮನೆ ಬೂದಿಯಾಯಿತು. ಹಸೆಯ ಅಕ್ಷತೆ ಆರುವ ಮೊದಲೇ ತವರುಮನೆ ಸುಟ್ಟುಹೋದುದನ್ನು ಕಂಡ ಆ ನವವಧುವಿನ ಮನಸ್ಸು ಹೇಗಿದ್ದೀತು!

ಇಂದು ಜಗತ್ತು ಬೆರಗಾಗಿ ನೋಡುವ ಅಂಬಾವಿಲಾಸ ಅರಮನೆ ಆ ಬೂದಿಯಿಂದಲೇ ಎದ್ದಿತು. ಸಿಮ್ಲಾದಲ್ಲಿ ವೈಸರಾಯರ ನಿವಾಸವನ್ನು ವಿನ್ಯಾಸಗೊಳಿಸಿದ್ದ ಹೆನ್ರಿ ಅರ್ವಿನ್ ಅವರಿಗೆ ನಿರ್ಮಾಣದ ಹೊಣೆ ಒಪ್ಪಿಸಲಾಯಿತು. ಅದೇ ವರ್ಷ ಆರಂಭವಾದ ಕಾಮಗಾರಿ 1912ಕ್ಕೆ ಮುಗಿಯಿತು. ವೆಚ್ಚವಾದದ್ದು 41,47,913 ರೂಪಾಯಿ. ಬೆಂಕಿ ಕಲಿಸಿದ ಪಾಠ ಹೊಸ ಅರಮನೆಯ ಅಂಗಾಂಗಗಳಲ್ಲೂ ಎದ್ದು ಕಾಣುತ್ತದೆ. ಗೋಡೆಗೆ ಕಲ್ಲು ಬಂತು. ಕಲ್ಯಾಣ ಮಂಟಪದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಬಂದ ಎರಕದ ಕಬ್ಬಿಣದವು. ಆ ನವಿಲುಬಣ್ಣದ ಮಂಟಪವನ್ನು ತಲೆಯೆತ್ತಿ ನೋಡಿ ಸೋಜಿಗಪಡುವ ಲಕ್ಷಾಂತರ ಮಂದಿಗೆ, ಅದು ಮರದ ಬದಲು ಕಬ್ಬಿಣದಲ್ಲಿ ಏಕಿದೆ ಎಂಬುದಕ್ಕೆ ಕಾಂತರಾಜೇ ಅರಸರ ಮದುವೆಯೇ ಉತ್ತರ ಎಂದು ಯಾರಾದರೂ ತಿಳಿಸುವರೋ ಇಲ್ಲವೋ.

ಈ ವರ ಮಹಾಶಯರು ಯಾರು? 1870ರಲ್ಲಿ ಜನಿಸಿದ ಕಾಂತರಾಜೇ ಅರಸರು ನಂಜನಗೂಡಿನ ಸಮೀಪದ ಕಳಲೆಯ ಮನೆತನದವರು. ಮೈಸೂರಿನ ಚರಿತ್ರೆ ಬಲ್ಲವರಿಗೆ ಕಳಲೆ ಎಂಬ ಹೆಸರು ಕಿವಿಗೆ ಬಿದ್ದೊಡನೆ ದಳವಾಯಿಗಳ ನೆನಪಾಗುತ್ತದೆ. ಒಡೆಯರು ಪಟ್ಟವೇರುವುದು, ಕಳಲೆಯವರು ದಳವಾಯಿಗಳಾಗಿ ಸೇನೆ ನಡೆಸುವುದು, ಎರಡು ಮನೆಗಳ ನಡುವೆ ಹೆಣ್ಣು ತಂದು ಹೆಣ್ಣು ಕೊಡುವುದು ತಲೆಮಾರುಗಳಿಂದ ನಡೆದು ಬಂದ ಸಂಪ್ರದಾಯ. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ದಳವಾಯಿ ದೇವರಾಜಯ್ಯ ಮತ್ತು ನಂಜರಾಜಯ್ಯ ಸೋದರರ ಕೈಯಲ್ಲಿ ರಾಜ್ಯದ ನಿಜವಾದ ಅಧಿಕಾರವೇ ಸೇರಿಹೋಗಿತ್ತು. ಹೈದರಾಲಿ ಮೇಲೇರಿದ್ದು ಅವರ ಆಶ್ರಯದಲ್ಲಿ. ಮುಂದೆ ಅವರನ್ನೇ ಬದಿಗೆ ಸರಿಸಿದ ಕಥೆ ಎಲ್ಲರಿಗೂ ಗೊತ್ತು. ಕಳಲೆಯ ಲಕ್ಷ್ಮೀಕಾಂತ ಸ್ವಾಮಿಯ ಗುಡಿ ಆ ಕಾಲದ ಸಿರಿಗೆ ಇಂದಿಗೂ ಸಾಕ್ಷಿ. ಆ ಮನೆಯ ಮಗುವಿಗೆ ಕಾಂತರಾಜನೆಂಬ ಹೆಸರು ಎಷ್ಟು ಒಪ್ಪಿತ್ತು!

ಕಾಂತರಾಜೇ ಅರಸರ ಅಕ್ಕ ಕೆಂಪನಂಜಮ್ಮಣ್ಣಿಯವರು ಹತ್ತನೆಯ ಚಾಮರಾಜೇಂದ್ರ ಒಡೆಯರ ಪಟ್ಟದರಸಿ. ಲೋಕ ಅವರನ್ನು ವಾಣಿವಿಲಾಸ ಸನ್ನಿಧಾನವೆಂದು ಗೌರವಿಸಿತು. ಆ ಅಕ್ಕನ ಹಿರಿಯ ಮಗಳೇ ಜಯಲಕ್ಷಮ್ಮಣ್ಣಿ. ಅಂದರೆ ಸೋದರಮಾವನಿಗೆ ಅಕ್ಕನ ಮಗಳನ್ನು ಧಾರೆಯೆರೆದು ಕೊಟ್ಟ, ನಮ್ಮ ಸೀಮೆಯ ಮನೆಮನೆಗೂ ಪರಿಚಿತವಾದ ಸಂಬಂಧ. ಇದರಿಂದ ಒಂದು ಸೊಗಸಾದ ತೊಡಕೂ ಹುಟ್ಟಿತು. ನಾಲ್ವಡಿಯವರಿಗೆ ಕಾಂತರಾಜೇ ಅರಸರು ತಾಯಿಯ ಕಡೆಯಿಂದ ಮಾವ, ಅಕ್ಕನ ಕಡೆಯಿಂದ ಭಾವ. ಅಕ್ಕನ ಮನೆಗೆ ಅಳಿಯನಾದ ತಮ್ಮ ಆ ಅಕ್ಕನನ್ನು ಮುಂದೆ ಅತ್ತೆಯೆಂದು ಕರೆದರೋ ಅಕ್ಕನೆಂದೇ ಕರೆದರೋ, ಅದು ಅಂತಃಪುರಕ್ಕೆ ಮಾತ್ರ ಗೊತ್ತು.

ಮದುವೆಯ ಹೊತ್ತಿಗೆ ರಾಜ್ಯದ ಚುಕ್ಕಾಣಿ ಹಿಡಿದಿದ್ದವರು ಆ ಅಕ್ಕನೇ. 1894ರ ಡಿಸೆಂಬರ್ 28ರಂದು ಕಲ್ಕತ್ತಾದಲ್ಲಿ ಚಾಮರಾಜೇಂದ್ರ ಒಡೆಯರು ಗಂಟಲಮಾರಿ ರೋಗಕ್ಕೆ ತುತ್ತಾಗಿ ಅಕಾಲದಲ್ಲಿ ತೀರಿಕೊಂಡರು. ಹತ್ತು ವರ್ಷದ ಮಗನ ಹೆಸರಿನಲ್ಲಿ ಮಹಾರಾಣಿ 1895ರಿಂದ 1902ರ ಆಗಸ್ಟ್‌ವರೆಗೆ ರಾಜಪ್ರತಿನಿಧಿಯಾಗಿ ಆಳಿದರು. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾರ್ಯದಕ್ಷತೆ ಮತ್ತು ಮಹಾರಾಣಿಯ ವಿವೇಕ ಕೂಡಿದ ಆ ಏಳು ವರ್ಷ ಮೈಸೂರಿನ ಆಧುನಿಕ ಚರಿತ್ರೆಯ ಮುಂಬೆಳಗು. ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಆರಂಭವಾದದ್ದು ಆಗ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದೂ ಆಗ.

ಆ ಕಾಲದ ಒಂದು ಗುರುತು ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಚಿಕ್ಕಬಾಣಾವರದ ಮಗ್ಗುಲಲ್ಲೇ ಇದೆ. ಬೆಂಗಳೂರು–ತುಮಕೂರು ರೈಲುಹಾದಿ 1884ರಲ್ಲಿ ತೆರೆದಾಗ ಅದರ ಮೇಲಿನ ಸಣ್ಣ ಊರಾಗಿದ್ದ ಚಿಕ್ಕಬಾಣಾವರದ ಸುತ್ತ ಇಂದು ಕಾಲೇಜು, ಬಡಾವಣೆ ಮತ್ತು ಪೀಣ್ಯದ ಪಾಳಿ ಮುಗಿಸಿ ಬರುವವರ ಬೈಕುಗಳ ಗದ್ದಲ. ಆದರೆ ಮುಂದಿನ ನಿಲ್ದಾಣವಾದ ಸೋಲದೇವನಹಳ್ಳಿಯಿಂದ ಹೆಸರಘಟ್ಟದ ಕಡೆಗೆ ಹೋದರೆ ಇಟ್ಟಿಗೆ ಮತ್ತು ಗಾರೆಯಲ್ಲಿ ಕಟ್ಟಿದ ಹಳೆಯ ಮೇಲ್ಗಾಲುವೆಯ ಕಮಾನುಗಳು ಕಣ್ಣಿಗೆ ಬೀಳುತ್ತವೆ. ಅರ್ಕಾವತಿಯ ನೀರು ಹೆಸರಘಟ್ಟದ ಕೆರೆಯಿಂದ ತರಬನಹಳ್ಳಿಗೆ, ಅಲ್ಲಿಂದ ಸೋಲದೇವನಹಳ್ಳಿಗೆ ತನ್ನಷ್ಟಕ್ಕೆ ಹರಿದು, ಅಲ್ಲಿನ ಪಂಪುಗಳ ಬಲದಿಂದ ಮಲ್ಲೇಶ್ವರದ ಶುದ್ಧೀಕರಣ ಘಟಕ ತಲುಪುತ್ತಿತ್ತು. 1896ರಲ್ಲಿ ಬೆಂಗಳೂರಿಗೆ ಕೊಳಾಯಿ ನೀರಿನ ಭಾಗ್ಯ ತಂದ ಈ ಯೋಜನೆಗೆ ಇಟ್ಟ ಹೆಸರು ಚಾಮರಾಜೇಂದ್ರ ವಾಟರ್ ವರ್ಕ್ಸ್. ಮಡಿದ ಮಹಾರಾಜರ ಹೆಸರು ಹೊತ್ತ ಆ ನೀರು ಹರಿಯತೊಡಗಿದ ಮರುವರ್ಷವೇ ಅವರ ಹಿರಿಮಗಳ ಮದುವೆ. ಬೈಕು ನಿಲ್ಲಿಸಿ ಒಮ್ಮೆ ಆ ಕಮಾನುಗಳನ್ನು ನೋಡಬೇಕು; ಅರಮನೆಯಷ್ಟೇ ಶ್ರದ್ಧೆಯಿಂದ ಕಟ್ಟಿದ್ದಾರೆ.

ರಾಜನ ಭಾವನಾಗಿ ದಸರಾ ದರ್ಬಾರಿನಲ್ಲಿ ಜರತಾರಿ ಪೇಟ ಧರಿಸಿ ಕುಳಿತರೆ ಸಾಕು, ಜೀವನ ಸುಖವಾಗಿ ಸಾಗುತ್ತಿತ್ತು. ಕಾಂತರಾಜೇ ಅರಸರು ಅಷ್ಟಕ್ಕೆ ತೃಪ್ತರಾಗಲಿಲ್ಲ. ರಾಜ್ಯದ ಆಡಳಿತ ಸೇವೆಗೆ ಸೇರಿ, ಒಂದೊಂದೇ ಮೆಟ್ಟಿಲೇರಿ, ಮಹಾರಾಜರ ಕೌನ್ಸಿಲ್‌ನ ಸದಸ್ಯರಾದರು. ಬಂಧುತ್ವ ಬೆನ್ನಿಗಿತ್ತು ಎಂಬುದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಾಗದು. ಆದರೆ ಎರಡನೆಯ ಮಹಾಘಟನೆಯ ರೂಪದಲ್ಲಿ 1918ರ ಕೊನೆಯಲ್ಲಿ ಅವರ ಮುಂದೆ ಬಂದು ನಿಂತ ಹೊಣೆ ಬಂಧುತ್ವದ ಬಲವೊಂದರಿಂದ ಹೊರುವಂಥದ್ದಾಗಿರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿರ್ಗಮಿಸಿದರು. ಕನ್ನಂಬಾಡಿ, ಮೈಸೂರು ವಿಶ್ವವಿದ್ಯಾನಿಲಯ, ಬ್ಯಾಂಕು, ಭದ್ರಾವತಿಯ ಉಕ್ಕಿನ ಕನಸು, ಇವೆಲ್ಲವನ್ನೂ ಆರೇ ವರ್ಷಗಳಲ್ಲಿ ಉತ್ತಿ ಬಿತ್ತಿದ ಮಹಾನುಭಾವರು ಅವರು. ಅವರ ಪೀಠದಲ್ಲಿ ಮುಂದೆ ಯಾರು ಕುಳಿತರೂ ಕುಬ್ಜರಾಗಿಯೇ ಕಾಣುವುದು ಸಹಜ. ಕುಳಿತವರು ಕಾಂತರಾಜೇ ಅರಸರು.

ವಿಶ್ವೇಶ್ವರಯ್ಯನವರ ನಿರ್ಗಮನಕ್ಕೆ ಹಿನ್ನೆಲೆಯಾದ ವಿಷಯವೇ ಹೊಸ ದಿವಾನರ ಪಾಲಿನ ಅಗ್ನಿಪರೀಕ್ಷೆಯೂ ಆಯಿತು. ಸಂಸ್ಥಾನದ ಸರ್ಕಾರಿ ಹುದ್ದೆಗಳು ಬಹುಪಾಲು ಬ್ರಾಹ್ಮಣರ ಕೈಯಲ್ಲಿದ್ದವು. 1917ರಲ್ಲಿ ರೂಪುಗೊಂಡ ಪ್ರಜಾಮಿತ್ರ ಮಂಡಳಿಯ ಮೂಲಕ ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮುಂತಾದ ಸಮುದಾಯಗಳ ಮುಖಂಡರು ತಮ್ಮ ಮಕ್ಕಳಿಗೂ ವಿದ್ಯೆಯಲ್ಲಿ, ಉದ್ಯೋಗದಲ್ಲಿ ಪಾಲು ಬೇಕೆಂದು ಮಹಾರಾಜರಲ್ಲಿ ಬಿನ್ನವಿಸಿಕೊಂಡರು. ಮಹಾರಾಜರು 1918ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಯೋಗ್ಯತೆಯೊಂದೇ ನೇಮಕಕ್ಕೆ ಆಧಾರವಾಗಬೇಕು, ಹಿಂದುಳಿದವರನ್ನು ಮೇಲೆತ್ತುವ ದಾರಿ ಶಿಕ್ಷಣದ ಪ್ರಸಾರ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಆ ನಿಲುವಿನ ಪ್ರಾಮಾಣಿಕತೆಯನ್ನು ಶಂಕಿಸಬೇಕಿಲ್ಲ. ಆದರೆ ಶಾಲೆಯ ಬಾಗಿಲಲ್ಲೇ ಹಿಂದೆ ಬಿದ್ದವನು ಕಚೇರಿಯ ಬಾಗಿಲಿಗೆ ತಲುಪುವುದು ಯಾವಾಗ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಮಿಲ್ಲರ್ ವರದಿ 1919ರಲ್ಲಿ ಸಲ್ಲಿಕೆಯಾಯಿತು. ಏಳು ವರ್ಷಗಳ ಒಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು, ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕು. ಅವರ ಮಕ್ಕಳಿಗೆ ವಿದ್ಯಾರ್ಥಿವೇತನ, ವಸತಿನಿಲಯದ ನೆರವು ಹೆಚ್ಚಬೇಕು ಎಂಬುದು ಶಿಫಾರಸಿನ ತಿರುಳು. ವರದಿ ಬರೆಯುವುದು ಬೇರೆ, ಜಾರಿಗೆ ತರುವುದು ಬೇರೆ. ಬೆಂಗಳೂರಿನ ಅಠಾರಾ ಕಚೇರಿಯ ಕಂಬಗಳ ನಡುವೆ ಇಲಾಖೆಯಿಂದ ಇಲಾಖೆಗೆ ಕಡತ ಹೇಗೆ ಆಮೆಯಾಗುತ್ತದೆ ಎಂಬುದನ್ನು ಸರ್ಕಾರಿ ಕೆಲಸ ಬಲ್ಲವರಿಗೆ ವಿವರಿಸಬೇಕಿಲ್ಲ. ಕಾಂತರಾಜೇ ಅರಸರ ದಿವಾನಗಿರಿಯಲ್ಲೇ, 1921ರಲ್ಲಿ ಸರ್ಕಾರದ ಆದೇಶ ಹೊರಬಿತ್ತು. ಹಿಂದುಳಿದವರ ಉದ್ಯೋಗಾವಕಾಶಕ್ಕೆ ದೇಶದಲ್ಲಿ ಅತಿ ಮೊದಲು ಸರ್ಕಾರಿ ಮುದ್ರೆ ಬಿದ್ದ ಪ್ರದೇಶಗಳ ಸಾಲಿಗೆ ಮೈಸೂರು ಸೇರಿತು.

ಇದರ ಕೀರ್ತಿ ಯಾರಿಗೆ ಸಲ್ಲಬೇಕು? ನಾಲ್ವಡಿಯವರ ದೃಢಸಂಕಲ್ಪವಿಲ್ಲದೆ ಇದು ಸಾಧ್ಯವಿರಲಿಲ್ಲ, ಸಂದೇಹವಿಲ್ಲ. ಆದರೆ ಸಂಕಲ್ಪಕ್ಕೂ ಆದೇಶಕ್ಕೂ ನಡುವಿನ ದುರ್ಗಮ ಹಾದಿಯಲ್ಲಿ ನಡೆದವರು ಮಾವನೂ ಭಾವನೂ ಆಗಿದ್ದ ಈ ದಿವಾನರು. ಅರಮನೆಗೂ ಕಚೇರಿಗೂ ನಡುವೆ ಪರದೆಯಿಲ್ಲದೆ ಓಡಾಡಬಲ್ಲ ಮತ್ತೊಬ್ಬ ಅಧಿಕಾರಿ ಆಗ ಇದ್ದರೇ? ನನಗೆ ಕಂಡಂತೆ, ಅರಸು ಮನೆತನದ ಒಬ್ಬರು ಆ ಪೀಠದಲ್ಲಿ ಇದ್ದುದೇ ಆದೇಶಕ್ಕೆ ವಜ್ರಕವಚವಾಯಿತು. ವಿಶ್ವೇಶ್ವರಯ್ಯನವರ ಹೆಸರಿಗೆ ಅಣೆಕಟ್ಟಿನ ಗೋಡೆಯಷ್ಟು ಎತ್ತರದ ಸ್ಮಾರಕವಿದೆ. ಕಾಂತರಾಜೇ ಅರಸರ ಕೆಲಸ ಕಲ್ಲಿನಲ್ಲಿ ಕಾಣುವುದಿಲ್ಲ. ಮೊದಲ ಬಾರಿ ಕಚೇರಿಯ ಕುರ್ಚಿಯಲ್ಲಿ ಕುಳಿತ ಹಳ್ಳಿಯ ಹುಡುಗರ ಮನೆತನಗಳಲ್ಲಿ ಅದನ್ನು ಹುಡುಕಬೇಕು.

ಆ ಪದವಿಯಲ್ಲಿ ಅವರು ಬಹುಕಾಲ ಉಳಿಯಲಿಲ್ಲ. 1922ರಲ್ಲಿ ನಿವೃತ್ತರಾದರು, ಅವರ ಸ್ಥಾನಕ್ಕೆ ಆಲ್ಬಿಯನ್ ಬ್ಯಾನರ್ಜಿ ಬಂದರು. ಮರುವರ್ಷವೇ, ಐವತ್ಮೂರರ ಪ್ರಾಯದಲ್ಲಿ, ಕಾಂತರಾಜೇ ಅರಸರು ಕಣ್ಮುಚ್ಚಿದರು.

ಅರಮನೆಯವರು ಅಳಿದ ಮೇಲೂ ಅವರ ಆಸ್ತಿ ಜನರ ಪಾಲಾಗಿ ಉಳಿಯುವುದುಂಟು. ಇಲ್ಲಿಂದ ಸಾವಿರಾರು ಮೈಲಿ ದೂರದ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲೂ ರಾಜರ ಆಳ್ವಿಕೆಯಿತ್ತು. ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿ ಒಪ್ಪಿಸಿದ 1881ರಲ್ಲೇ ಅಲ್ಲಿನ ರಾಜ ಕಲಾಕಾವಾ ಭೂಪ್ರದಕ್ಷಿಣೆ ಮಾಡಿದ ಮೊದಲ ದೊರೆಯೆನಿಸಿ ಭಾರತವನ್ನೂ ಹಾದುಹೋದ. ಆ ನಾಡಿನ ಬರ್ನೀಸ್ ಪಾವಾಹಿ ಎಂಬ ರಾಜಕುಮಾರಿಯ ಕಥೆ ಜಯಲಕ್ಷಮ್ಮಣ್ಣಿಯವರ ಭವನದ ಮುಂದೆ ನಿಂತಾಗ ನೆನಪಾಗದೆ ಇರದು. ಹವಾಯಿ ದ್ವೀಪಗಳನ್ನು ಒಗ್ಗೂಡಿಸಿದ ಒಂದನೆಯ ಕಮೆಹಮೆಹನ ಮರಿಮೊಮ್ಮಗಳು ಆಕೆ. 1872ರಲ್ಲಿ ಮರಣಶಯ್ಯೆಯಲ್ಲಿದ್ದ ಅಂದಿನ ರಾಜ ಸಿಂಹಾಸನವನ್ನೇ ನೀಡಲು ಮುಂದಾದಾಗ ನಯವಾಗಿ ನಿರಾಕರಿಸಿದಳು. 1884ರಲ್ಲಿ ತೀರಿಕೊಂಡಾಗ ತನ್ನ ಅಪಾರ ಭೂಸಂಪತ್ತನ್ನು ಹವಾಯಿಯ ಮಕ್ಕಳ ಶಾಲೆಗೆ ಮುಡಿಪಿಟ್ಟಿದ್ದಳು. ಆಕೆಯ ಪತಿ ಚಾರ್ಲ್ಸ್ ಬಿಷಪ್ ಮಡದಿಯ ನೆನಪಿಗಾಗಿ 1889ರಲ್ಲಿ ಹೊನೊಲುಲುವಿನಲ್ಲಿ ಸ್ಥಾಪಿಸಿದ ಬಿಷಪ್ ವಸ್ತುಸಂಗ್ರಹಾಲಯ ಇಂದು ಪೆಸಿಫಿಕ್ ಜನಜೀವನದ ಭಂಡಾರ. 1893ರಲ್ಲಿ ಹವಾಯಿಯ ಸಿಂಹಾಸನ ಉರುಳಿಬಿತ್ತು. ಪಟ್ಟವೇರದ ಆ ಹೆಣ್ಣುಮಗಳ ಶಾಲೆಯೂ ಸಂಗ್ರಹಾಲಯವೂ ಉಳಿದವು.

ಮೈಸೂರಿನ ಮೂವರು ರಾಜಕುಮಾರಿಯರ ಮನೆಗಳದ್ದೂ ಇಂಥದೇ ಭಾಗ್ಯ. ಎರಡನೆಯವರಾದ ಕೃಷ್ಣಾಜಮ್ಮಣ್ಣಿ ಮತ್ತು ಅವರ ಹೆಣ್ಣುಮಕ್ಕಳು ಕ್ಷಯರೋಗಕ್ಕೆ ಬಲಿಯಾದದ್ದು ಆ ಕುಟುಂಬದ ಮಹಾದುರಂತ. ಅವರ ನೆನಪಿನಲ್ಲೇ ಮೈಸೂರಿನ ಕ್ಷಯರೋಗ ಆಸ್ಪತ್ರೆ ತಲೆಯೆತ್ತಿತು, ಅವರ ಕಾರಂಜಿ ಭವನ ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಮೂರನೆಯವರಾದ ಚೆಲುವಾಜಮ್ಮಣ್ಣಿಯವರ ಚೆಲುವಾಂಬಾ ಭವನದಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ನಡೆಯುತ್ತಿದೆ.

ಹಿರಿಯಕ್ಕನ ಮನೆ ಸೇರಿದ್ದು ಸರಸ್ವತಿಯ ಮಡಿಲನ್ನು. 1959ರಲ್ಲಿ ಕುವೆಂಪು ಕುಲಪತಿಗಳಾಗಿದ್ದಾಗ ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಹತ್ತು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಈ ಭವನದ ಸುತ್ತಲೇ ಹಬ್ಬಿದ ಸ್ನಾತಕೋತ್ತರ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಕುವೆಂಪು. ಮುಂದೆ 1960ರ ದಶಕದ ಕೊನೆಗೆ ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ ಮತ್ತು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಪರಿಶ್ರಮದಿಂದ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಮೂಡಿತು. ಹಳ್ಳಿಹಳ್ಳಿ ತಿರುಗಿ ತಂದ ವಸ್ತುಗಳ ಸಂಖ್ಯೆ 6,500ನ್ನು ಮೀರಿತು. ತೊಗಲುಗೊಂಬೆ, ಸೂತ್ರದ ಗೊಂಬೆ, ಯಕ್ಷಗಾನದ ಕಿರೀಟ, ಸೋಮನ ಕುಣಿತದ ಕೆಂಪು ಮುಖವಾಡ, ಕೂರಿಗೆ, ಕುಂಟೆ, ಒರಳು, ರಾಗಿಕಲ್ಲು. ರಾಜಕುಮಾರಿಯ ಅಂತಃಪುರಕ್ಕೆ ಹಿತ್ತಿಲ ಬಾಗಿಲಿನಿಂದಲೂ ಬರಲಾಗದಿದ್ದ ಒಕ್ಕಲು ಮನೆಯ ಪಾತ್ರೆ ಪಡಗಗಳು ಮುಂಬಾಗಿಲಿನಿಂದಲೇ ಒಳಬಂದು, ಕೆತ್ತನೆಯ ಕಂಬಗಳ ನಡುವೆ ಗಾಜಿನ ಪೆಟ್ಟಿಗೆಗಳಲ್ಲಿ ಸಿಂಹಾಸನಾರೂಢವಾದವು. ಮಿಲ್ಲರ್ ಆದೇಶದ ದಿವಾನರ ಮನೆಗೆ ಇದಕ್ಕಿಂತ ಸಮುಚಿತವಾದ ಅತಿಥಿಗಳು ಇರಲಾರರು.

ನಿರ್ವಹಣೆಯ ಹಾದಿ ಮಾತ್ರ ಸುಗಮವಾಗಿರಲಿಲ್ಲ. ಇಷ್ಟು ವಿಶಾಲವಾದ ಮರ-ಗಾರೆಯ ಕಟ್ಟಡವನ್ನು ಮಳೆ, ಗೆದ್ದಲು, ಪಾರಿವಾಳಗಳಿಂದ ಕಾಪಾಡುವುದು ಯಾವ ವಿಶ್ವವಿದ್ಯಾನಿಲಯದ ಆಯವ್ಯಯಕ್ಕೂ ಮೀರಿದ ಕೆಲಸ. ಬಿರುಕು ಬಿಟ್ಟು ಶಿಥಿಲವಾಗಿದ್ದ ಭವನಕ್ಕೆ ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ನೀಡಿ ಮರುಜೀವ ಕೊಟ್ಟಿತು. ಎಲೆಕ್ಟ್ರಾನಿಕ್ ಸಿಟಿಯ ಗಣಕಯಂತ್ರಗಳ ಗಳಿಕೆ ರಾಗಿಕಲ್ಲಿನ ಮನೆಗೆ ಸೂರಾಯಿತು. ಪಶ್ಚಿಮ ಪಾರ್ಶ್ವ ಆಮೇಲೂ ಸೊರಗುತ್ತಲೇ ಇತ್ತು. ಅದರ ಜೀರ್ಣೋದ್ಧಾರಕ್ಕೆ ಇತ್ತೀಚೆಗೆ ಸಾಂಸ್ಕೃತಿಕ ಸಂರಕ್ಷಣೆಗಾಗಿ ಮೀಸಲಾದ ಅಮೆರಿಕದ ರಾಯಭಾರಿ ನಿಧಿ ನೆರವಾಗಿದೆ, ಡೆಕ್ಕನ್ ಹೆರಿಟೇಜ್ ಫೌಂಡೇಶನ್ ವಿಶ್ವವಿದ್ಯಾನಿಲಯದ ಜೊತೆಗೂಡಿದೆ.

ಭವನದಿಂದ ಹೊರಬಿದ್ದು ಸರಸ್ವತಿಪುರಂ ಕಡೆಗೆ ಸಾಗಿದರೆ ಜನದಟ್ಟಣೆಯ ರಸ್ತೆಯೊಂದು ಸಿಗುತ್ತದೆ. ಆಟೋದವರು, ಹೋಟೆಲಿನವರು, ಸಂಜೆ ಚುರುಮುರಿ ಮಾರುವವರು ದಿನಕ್ಕೆ ನೂರು ಸಲ ಅದರ ಹೆಸರು ಹೇಳುತ್ತಾರೆ: ಕಾಂತರಾಜೇ ಅರಸು ರಸ್ತೆ. ಈ ಅರಸು ಯಾರೆಂದು ಹಿಂದಿನ ಸೀಟಿನಿಂದ ಮಕ್ಕಳು ಕೇಳಿದರೆ, ಅಲ್ಲಿಂದ ಹೊಸ ಅರಮನೆಯವರೆಗಿನ ದಾರಿಯುದ್ದಕ್ಕೂ ಹೇಳುವಷ್ಟು ಕಥೆಯಿದೆ. ಬೆಂಕಿ ಬಿದ್ದ ಆ ಮದುವೆಯಿಂದಲೇ ಶುರುಮಾಡಬಹುದು.